ಸೂತ್ರ ಬಾಯಿಪಾಠ ಇದೆ, ಆದರೆ ಯಾವ ಲೆಕ್ಕಕ್ಕೆ ಯಾವುದು ಅಂತ ತಿಳಿಯುತ್ತಿಲ್ಲ

ಜಮಖಂಡಿ ಹುಡುಗಿ
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್. ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 7 ಬಂತು. ಓದಿಲ್ಲ ಅಂತ ಅಲ್ಲ. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಲೆಕ್ಕ ಮುಂದೆ ಬಂದಾಗ ಯಾವುದನ್ನು ಹಾಕಬೇಕು ಅನ್ನುವುದೇ ಹೊಳೆಯುವುದಿಲ್ಲ.

ಈ ವಾರದ ಅಸೈನ್‌ಮೆಂಟ್ ಲೆಕ್ಕ ನೋಡಿ. 6 ಜನ ಕಬ್ಬು ಬೆಳೆಗಾರರು. ಪ್ರತಿಯೊಬ್ಬರೂ ತಮ್ಮ ಹೊಲವನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಸಾಲಿನಲ್ಲಿ ನೀರು ಹಾಯಿಸಿದ್ದಾರೆ, ಇನ್ನೊಂದಕ್ಕೆ ಡ್ರಿಪ್ ಹಾಕಿದ್ದಾರೆ. ತಳಿ ಒಂದೇ, ನಾಟಿ ಮಾಡಿದ ದಿನವೂ ಒಂದೇ. ಎಕರೆಗೆ ಬಂದ ಟನ್ ಹೀಗಿದೆ:

ಸಾಲಿನ ನೀರು: 38, 42, 35, 45, 40, 34
ಡ್ರಿಪ್: 41, 44, 39, 46, 44, 38

ಡ್ರಿಪ್‌ನಿಂದ ಇಳುವರಿಯಲ್ಲಿ ವ್ಯತ್ಯಾಸ ಆಗಿದೆಯೇ, ಶೇ. 5ರ ಮಟ್ಟದಲ್ಲಿ ಪರೀಕ್ಷಿಸಿ ಅಂತ ಪ್ರಶ್ನೆ.

ನಾನು ಎರಡು ಸರಾಸರಿ ತೆಗೆದೆ, 39 ಮತ್ತು 42. ಸರಾಸರಿಗಳ ಅಂತರ ಆಕಸ್ಮಿಕವೋ ನಿಜವೋ ಅಂತ ನೋಡುವ ಟಿ-ಟೆಸ್ಟ್ ಹಾಕಿದೆ. ಟಿ = 1.40 ಬಂತು. ಟೇಬಲ್‌ನಲ್ಲಿ 10 ಡಿಗ್ರೀಸ್ ಆಫ್ ಫ್ರೀಡಂಗೆ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಸಂಖ್ಯೆಗೆ) 2.228 ಇದೆ. ಟಿ ಅದನ್ನು ದಾಟಿದರೆ ಮಾತ್ರ ವ್ಯತ್ಯಾಸ ಇದೆ ಅನ್ನಬೇಕು. ಹಾಗಾಗಿ ವ್ಯತ್ಯಾಸ ಇಲ್ಲ ಅಂತ ಬರೆದೆ. ನನ್ನ ಗೆಳತಿಗೆ ಅದೇ ಸಂಖ್ಯೆಗಳಿಂದ ಟಿ = 5.81 ಬಂದಿದೆ. ವ್ಯತ್ಯಾಸ ಖಂಡಿತ ಇದೆ ಅಂತ ಬರೆದಿದ್ದಾಳೆ. ಇಬ್ಬರೂ ಮೂರು ಸಲ ತಾಳೆ ನೋಡಿದ್ದೇವೆ, ಕೂಡಿಸಿ ಕಳೆಯುವುದರಲ್ಲಿ ತಪ್ಪಿಲ್ಲ. ಅವೇ ರೈತರು, ಅದೇ ಕಬ್ಬು, ಎರಡು ಉತ್ತರ ಹೇಗೆ?

ಕ್ಲಾಸಿನಲ್ಲಿ ಕೇಳಿದೆ. "ಇಷ್ಟೂ ತಿಳಿಯಲ್ವಾ" ಅಂದರು. ಆಮೇಲೆ ಕೇಳುವ ಧೈರ್ಯ ಆಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಟಿಳಕವಾಡಿ ಎಂ.ಕಾಂ.
ಭಾನುವಾರ, ರಾತ್ರಿ 10.05

ತಂಗಿ, ನಾನೂ ಇದೇ ದಾರಿಯಲ್ಲಿ ಬಂದವನು. ಹಳೆಯ ಪ್ರಶ್ನೆಪತ್ರಿಕೆ ಹತ್ತು ವರ್ಷದ್ದು ತೆಗೆದುಕೊ. ಒಂದೊಂದು ಲೆಕ್ಕವನ್ನೂ ಮೂರು ಮೂರು ಸಲ ಮಾಡು. ಯಾವ ಪ್ರಶ್ನೆಗೆ ಯಾವ ಸೂತ್ರ ಅಂತ ಕೈಗೇ ರೂಢಿಯಾಗುತ್ತದೆ. ನನಗೆ ಹಾಗೇ ಆಯಿತು. ಈ ಲೆಕ್ಕದಲ್ಲಿ "ಪೇರ್ಡ್ ಟಿ-ಟೆಸ್ಟ್", ಅಂದರೆ ಜೋಡಿ ಲೆಕ್ಕ ಹಾಕಬೇಕು, ನಿನ್ನ ಗೆಳತಿ ಸರಿ.

ನಿವೃತ್ತ ಮೇಷ್ಟ್ರು, ವಿಜಯಪುರ
ಸೋಮವಾರ, ಬೆಳಿಗ್ಗೆ 6.15

ಗೆಳತಿಯ ಉತ್ತರ ಸರಿ ಅನ್ನುವುದು ನಿಜ. ಆದರೆ ಯಾಕೆ ಸರಿ ಅಂತ ತಿಳಿಯದಿದ್ದರೆ ಮುಂದಿನ ಲೆಕ್ಕದಲ್ಲಿ ಮತ್ತೆ ಇದೇ ಪಾಡು. ಸ್ವಲ್ಪ ಉದ್ದ ಬರೆಯುತ್ತೇನೆ, ಹಾಳೆ ಪೆನ್ನು ಹಿಡಿದು ಓದು.

ತಂಗೀ, ನೀನು ಸಂಖ್ಯೆಗಳನ್ನು ಅಡ್ಡಕ್ಕೆ ಓದಿದ್ದೀಯ. ಮೇಲಿನ ಸಾಲು ಒಂದು ಗುಂಪು, ಕೆಳಗಿನ ಸಾಲು ಇನ್ನೊಂದು ಗುಂಪು ಅಂತ. ಅದನ್ನೇ ಉದ್ದಕ್ಕೆ ಓದು. ಮೊದಲನೆಯ ರೈತನಿಗೆ 38 ಇದ್ದದ್ದು 41. ಎರಡನೆಯವನಿಗೆ 42 ಇದ್ದದ್ದು 44. ಹೀಗೆ ಹೋದರೆ ಹೆಚ್ಚಳ 3, 2, 4, 1, 4, 4. ಆರಕ್ಕೆ ಆರೂ ಜನರಿಗೆ ಜಾಸ್ತಿಯೇ ಬಂದಿದೆ. ಒಬ್ಬನಿಗೂ ಕಡಿಮೆ ಆಗಿಲ್ಲ. ಸೂತ್ರ ಮುಟ್ಟುವ ಮೊದಲೇ ಇಷ್ಟು ಕಣ್ಣಿಗೆ ಬಿದ್ದರೆ, "ವ್ಯತ್ಯಾಸ ಇಲ್ಲ" ಅಂತ ಬರೆಯಲು ನಿನ್ನ ಕೈಯೇ ಏಳುತ್ತಿರಲಿಲ್ಲ.

ಈಗ ನಿನ್ನ 1.40 ಎಲ್ಲಿಂದ ಬಂತು ನೋಡೋಣ. ಸಾಲಿನ ನೀರಿನಲ್ಲೇ ಒಬ್ಬನಿಗೆ 34 ಟನ್, ಇನ್ನೊಬ್ಬನಿಗೆ 45. ಹನ್ನೊಂದು ಟನ್ ಅಂತರ! ಅದಕ್ಕೂ ಡ್ರಿಪ್‌ಗೂ ಸಂಬಂಧ ಇಲ್ಲ. ಒಬ್ಬನದು ಎರೆಭೂಮಿ, ಇನ್ನೊಬ್ಬನದು ಸವಳು ಇರಬಹುದು. ಒಬ್ಬ ಗೊಬ್ಬರ ಚೆನ್ನಾಗಿ ಹಾಕಿರಬಹುದು. ಎರಡು ಗುಂಪು ಅಂತ ಲೆಕ್ಕ ಮಾಡಿದಾಗ, ರೈತ ರೈತನ ನಡುವಿನ ಈ ಅಂತರವೆಲ್ಲ ಛೇದಕ್ಕೆ ಹೋಗಿ ಕೂರುತ್ತದೆ. ಮೇಲೆ 3, ಕೆಳಗೆ 2.145. ಭಾಗಿಸಿದರೆ 1.40. ಹೊಲದ ಗುಣದ ಏರಿಳಿತದಲ್ಲಿ ಡ್ರಿಪ್‌ನ 3 ಟನ್ ಮುಚ್ಚಿಹೋಯಿತು.

ಹೆಚ್ಚಳವನ್ನಷ್ಟೇ ತೆಗೆದುಕೊಂಡರೆ ಹೊಲದ ಗುಣ ಕಳೆದುಹೋಗುತ್ತದೆ. ಯಾಕಂದರೆ ಅದು ಎರಡೂ ಭಾಗದಲ್ಲಿ ಒಂದೇ. ಹೆಚ್ಚಳದ ಸರಾಸರಿ 18 ಭಾಗಿಸು 6, ಅಂದರೆ 3. ಸರಾಸರಿಯಿಂದ ಅಂತರ 0, −1, 1, −2, 1, 1. ವರ್ಗ ಮಾಡಿ ಕೂಡಿಸಿದರೆ 8. ಅದನ್ನು 5ರಿಂದ ಭಾಗಿಸಿದರೆ 1.6, ಅದರ ವರ್ಗಮೂಲ 1.265. ಅದನ್ನು 6ರ ವರ್ಗಮೂಲದಿಂದ ಭಾಗಿಸಿದರೆ 0.516. ಈಗ 3 ಭಾಗಿಸು 0.516, ಅದೇ 5.81. ಟೇಬಲ್‌ನಲ್ಲಿ 5ರ ಮುಂದೆ 2.571 ಇದೆ. ಎರಡು ಪಟ್ಟಿಗೂ ಜಾಸ್ತಿ ದಾಟಿದೆ.

ಜೋಡಿ ಲೆಕ್ಕವೋ ಅಲ್ಲವೋ ಅಂತ ಪತ್ತೆ ಹಚ್ಚಲು ನಾನು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಕೆಳಗಿನ ಸಾಲಿನ ಸಂಖ್ಯೆಗಳನ್ನು ಹಿಂದೆ ಮುಂದೆ ಮಾಡಿದರೆ ಏನಾದರೂ ಕೆಡುತ್ತದೆಯೇ? ಇಲ್ಲಿ 41ನ್ನು ಕೊನೆಗೆ ಒಯ್ದರೆ ಮೊದಲನೆಯ ರೈತನ ಡ್ರಿಪ್ ಇಳುವರಿ ಆರನೆಯವನ ಹೆಸರಿಗೆ ಹೋಗುತ್ತದೆ. ಕೆಡುತ್ತದೆ. ಹಾಗಾಗಿ ಜೋಡಿ. ಅದೇ ಆರು ಜನ ಸಾಲಿನ ನೀರಿನವರು, ಬೇರೆ ಆರು ಜನ ಡ್ರಿಪ್‌ನವರು ಆಗಿದ್ದರೆ ಹಿಂದೆ ಮುಂದೆ ಮಾಡಿದರೂ ಏನೂ ಕೆಡುತ್ತಿರಲಿಲ್ಲ. ಆಗ ನಿನ್ನ 1.40 ಸರಿ.

ಈ ಟೆಸ್ಟ್ ಹುಟ್ಟಿದ್ದೂ ಇಂಥ ಸಣ್ಣ ಲೆಕ್ಕಗಳಿಂದಲೇ. ವಿಲಿಯಂ ಗಾಸೆಟ್ ಅನ್ನುವವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಆ ಲೇಖನದಲ್ಲಿ ಅವರು ಬಿಡಿಸಿ ತೋರಿಸಿದ ಉದಾಹರಣೆಯೂ ಜೋಡಿ ಲೆಕ್ಕವೇ. 10 ಜನ ರೋಗಿಗಳು, ಎರಡು ನಿದ್ದೆ ಔಷಧ, ಅದೇ ರೋಗಿಗೆ ಎರಡರಿಂದ ಎಷ್ಟೆಷ್ಟು ನಿದ್ದೆ ಜಾಸ್ತಿಯಾಯಿತು ಅಂತ.

ಜಮಖಂಡಿ ಹುಡುಗಿ
ಸೋಮವಾರ, ಬೆಳಿಗ್ಗೆ 7.30

ಸರ್, ಬಸ್ಸಿನಲ್ಲಿ ಕೂತು ಓದಿದೆ. ಹಿಂದೆ ಮುಂದೆ ಮಾಡಿ ನೋಡುವ ಮಾತು ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಆಯಿತು.

ಇನ್ನೊಂದು ಕೇಳಲೇ? 6 ರೈತರಿದ್ದಾರೆ, ಆದರೆ 5ರಿಂದ ಭಾಗಿಸಿದಿರಿ. ಎನ್ ಮೈನಸ್ 1 ಅಂತ ಬರೆಯುತ್ತೇನೆ, ಯಾಕೆ ಅಂತ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ವಿಜಯಪುರ
ಸೋಮವಾರ, ಬೆಳಿಗ್ಗೆ 8.10

ಮೇಲಿನ ಅಂತರಗಳನ್ನು ನೋಡು. 0, −1, 1, −2, 1, ಆಮೇಲೆ ಕೊನೆಯದನ್ನು ಕೈಯಿಂದ ಮುಚ್ಚು. ಸರಾಸರಿಯಿಂದ ತೆಗೆದ ಅಂತರಗಳನ್ನೆಲ್ಲ ಕೂಡಿಸಿದರೆ ಯಾವಾಗಲೂ ಸೊನ್ನೆ ಬರಲೇಬೇಕು. ಮೊದಲ ಐದರ ಮೊತ್ತ −1. ಹಾಗಾದರೆ ಮುಚ್ಚಿದ್ದು 1 ಆಗದೆ ಬೇರೆ ದಾರಿ ಇಲ್ಲ. ಅದು ಹೊಸದಾಗಿ ಏನೂ ಹೇಳುತ್ತಿಲ್ಲ. ಸ್ವಂತ ಮಾತಾಡುವವು ಐದೇ. ಅದಕ್ಕೇ 5.

ನವನಗರ ಬಾಗಲಕೋಟೆ
ಸೋಮವಾರ, ಮಧ್ಯಾಹ್ನ 1.20

ನಾನೂ ಕನ್ನಡ ಮಾಧ್ಯಮದವನು, ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಹೇಳಿಕೊಡುತ್ತೇನೆ. ತಂಗಿಗೆ ಒಂದು ಮಾತು. ನಮ್ಮಂಥವರಿಗೆ ಎಷ್ಟೋ ಸಲ ಲೆಕ್ಕ ಕಷ್ಟವಲ್ಲ, ಪ್ರಶ್ನೆಯ ಇಂಗ್ಲಿಷ್ ಕಷ್ಟ. ಅದೂ ದೊಡ್ಡ ಶಬ್ದಗಳಲ್ಲ. ದೊಡ್ಡದು ಬಂದರೆ ಡಿಕ್ಷನರಿ ನೋಡುತ್ತೇವೆ. ಸಣ್ಣವೇ ಮೋಸ ಮಾಡುತ್ತವೆ. "ಅಟ್ ಲೀಸ್ಟ್", "ಅಟ್ ಮೋಸ್ಟ್", "ಮೋರ್ ದ್ಯಾನ್", "ಗಿವನ್ ದಟ್".

ನಾನು ಪ್ರಶ್ನೆಯ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಕನ್ನಡ ಬರೆದುಕೊಳ್ಳುತ್ತಿದ್ದೆ. "ಅಟ್ ಲೀಸ್ಟ್ 4" ಅಂದರೆ "ಕಡಿಮೆ ಅಂದರೂ 4". ಅಂದರೆ 4 ಸೇರುತ್ತದೆ. "ಮೋರ್ ದ್ಯಾನ್ 4" ಅಂದರೆ "4ನ್ನು ದಾಟಿ". 4 ಸೇರುವುದಿಲ್ಲ. "ಗಿವನ್ ದಟ್" ಅಂದರೆ "ಇಷ್ಟು ಗೊತ್ತಾದ ಮೇಲೆ". ಈ ಕೊನೆಯದು ಬಂತೆಂದರೆ ಛೇದ ಬದಲಾಯಿತು ಅಂತ ಅರ್ಥ. ಎಲ್ಲರನ್ನೂ ಬಿಟ್ಟು, ಗೊತ್ತಾದವರ ಒಳಗೆ ಮಾತ್ರ ಎಣಿಸಬೇಕು.

ಒಂದು ಲೆಕ್ಕ ಹೇಳುತ್ತೇನೆ. ಬಿಳಿಜೋಳದ ಬೀಜ ಮೊಳೆಯುವ ಸಂಭವನೀಯತೆ 0.8 ಅಂತ ಇಟ್ಟುಕೊ. 5 ಬೀಜ ಹಾಕಿದೆ. ಕಡಿಮೆ ಅಂದರೂ 4 ಮೊಳೆಯುವ ಸಂಭವನೀಯತೆ ಎಷ್ಟು? 4 ಮೊಳೆಯುವುದು 0.4096, ಐದೂ ಮೊಳೆಯುವುದು 0.32768. ಕೂಡಿಸಿದರೆ 0.737. ಈಗ ಅದನ್ನೇ ತಿರುಗಿಸಿ ಓದು. ಐದರಲ್ಲಿ ಹೆಚ್ಚೆಂದರೆ 1 ಹುಸಿ ಹೋಗಬೇಕು. ಅದನ್ನು ಬೇರೆಯಾಗಿ ಲೆಕ್ಕ ಹಾಕಿ ನೋಡು, ಅಲ್ಲೂ 0.737 ಬರುತ್ತದೆ. ಒಂದೇ ಹೊಲವನ್ನು ಎರಡು ಬದುವಿನಿಂದ ನೋಡಿದಂತೆ. ನಾನು ಉತ್ತರ ತಾಳೆ ನೋಡುವುದೇ ಹೀಗೆ.

ತಿಕೋಟಾ ದ್ರಾಕ್ಷಿ
ಸೋಮವಾರ, ಸಂಜೆ 7.00

"ಗಿವನ್ ದಟ್" ಬಗ್ಗೆ ನವನಗರದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಫಲ ಕಂಡ ಮೇಲೆ ಅದು ಎಲ್ಲಿಂದ ಬಂದಿರಬಹುದು ಅಂತ ಲೆಕ್ಕ ಹಾಕುವ ಬೇಯ್ಸ್ ಪ್ರಮೇಯ ನನಗೆ ಎರಡು ವರ್ಷ ತಲೆಗೆ ಹತ್ತಿರಲಿಲ್ಲ. ಪುಸ್ತಕದಲ್ಲಿ ಯಾವಾಗಲೂ ಮೂರು ಮಷಿನ್, ಬೋಲ್ಟು ನಟ್ಟು. ನಮ್ಮ ಮನೆಯಲ್ಲಿ ಒಣದ್ರಾಕ್ಷಿ ಶೆಡ್ಡು ಇದೆ. ಒಂದು ದಿನ ಮಷಿನ್ ತೆಗೆದು ಶೆಡ್ಡು ಹಾಕಿ ನೋಡಿದೆ, ಅವತ್ತು ತಿಳಿಯಿತು.

ವ್ಯಾಪಾರಿ ಹತ್ತಿರ ಮೂರು ಶೆಡ್ಡಿನ ಮಾಲು ಬರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲನೆಯದರಿಂದ ಶೇ. 50, ಎರಡನೆಯದರಿಂದ ಶೇ. 30, ಮೂರನೆಯದರಿಂದ ಶೇ. 20. ಮೊದಲನೆಯ ಶೆಡ್ಡಿನ ಬಾಕ್ಸುಗಳಲ್ಲಿ ಶೇ. 2 ಕೆಟ್ಟಿರುತ್ತವೆ, ಎರಡನೆಯದರಲ್ಲಿ ಶೇ. 3, ಮೂರನೆಯದರಲ್ಲಿ ಶೇ. 5. ಒಂದು ಬಾಕ್ಸ್ ತೆಗೆದರೆ ಕೆಟ್ಟದ್ದು ಬಂತು. ಅದು ಮೂರನೆಯ ಶೆಡ್ಡಿನದು ಆಗಿರುವ ಸಂಭವನೀಯತೆ ಎಷ್ಟು?

ಸೂತ್ರ ಬಿಡಿ. 1000 ಬಾಕ್ಸ್ ಬಂದವು ಅನ್ನಿ. ಮೊದಲನೆಯದರ 500ರಲ್ಲಿ ಕೆಟ್ಟದ್ದು 10. ಎರಡನೆಯದರ 300ರಲ್ಲಿ 9. ಮೂರನೆಯದರ 200ರಲ್ಲಿ 10. ಒಟ್ಟು ಕೆಟ್ಟ ಬಾಕ್ಸು 29. ಈಗ ನಮ್ಮ ಕೈಯಲ್ಲಿರುವುದು ಆ 29ರಲ್ಲಿ ಒಂದು. ಉಳಿದ 971ರ ಚಿಂತೆ ಬೇಡ. 29ರಲ್ಲಿ ಮೂರನೆಯ ಶೆಡ್ಡಿನವು 10. ಉತ್ತರ 10 ಭಾಗಿಸು 29, ಅಂದರೆ 0.345. ಮುಗಿಯಿತು.

ನನಗೆ ಇದರಲ್ಲಿ ಬೇರೆ ಒಂದು ಸಂಗತಿ ಬಹಳ ಹಿಡಿಸಿತು. ಮೊದಲನೆಯ ಶೆಡ್ಡಿಗೂ 10 ಭಾಗಿಸು 29 ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಶೆಡ್ಡು, ಎಲ್ಲಕ್ಕಿಂತ ಕೆಟ್ಟ ಶೆಡ್ಡು, ಎರಡರ ಮೇಲೂ ಅನುಮಾನ ಒಂದೇ ಸಮ. ಮೊದಲನೆಯದು ಕೆಡಿಸುವುದು ಕಡಿಮೆ, ಆದರೆ ಕಳಿಸುವುದು ಜಾಸ್ತಿ. ಕೆಟ್ಟ ಬಾಕ್ಸ್ ಕಂಡ ಕೂಡಲೇ ಮೂರನೆಯವನ ಮೇಲೆ ಹರಿಹಾಯುವ ವ್ಯಾಪಾರಿಗೆ ಇದನ್ನು ತೋರಿಸಬೇಕು.

ಟಿಳಕವಾಡಿ ಎಂ.ಕಾಂ.
ಸೋಮವಾರ, ರಾತ್ರಿ 8.15

ಅಣ್ಣಾ, ವಿವರಣೆ ಚೆನ್ನಾಗಿದೆ. ಆದರೆ ಪರೀಕ್ಷೆಯಲ್ಲಿ 1000 ಬಾಕ್ಸ್ ಅಂತ ಬರೆದರೆ ಅಂಕ ಕೊಡುತ್ತಾರಾ? ವ್ಯಾಲ್ಯುಯೇಷನ್ ಮಾಡುವವರು ಸೂತ್ರ ಹುಡುಕುತ್ತಾರೆ. ನಾನು ಹಳೆಯ ಪ್ರಶ್ನೆಪತ್ರಿಕೆ ಮಾಡು ಅಂದದ್ದು ಅದಕ್ಕೇ. ಪಾಸಾಗುವುದೂ ಮುಖ್ಯ ಅಲ್ವಾ? ಮನೆಯಲ್ಲಿ ಫೀ ಕಟ್ಟಿರುತ್ತಾರೆ.

ನಿವೃತ್ತ ಮೇಷ್ಟ್ರು, ವಿಜಯಪುರ
ಸೋಮವಾರ, ರಾತ್ರಿ 9.00

ನೀವು ಹೇಳಿದ್ದರಲ್ಲಿ ಸತ್ಯ ಇದೆ. ನಾನೂ ವರ್ಷಾನುಗಟ್ಟಲೆ ಪೇಪರ್ ತಿದ್ದಿದ್ದೇನೆ. ಸೂತ್ರ, ಬೆಲೆ ಹಾಕಿದ್ದು, ಉತ್ತರ, ಹೀಗೆ ಹಂತ ಹಂತಕ್ಕೆ ಅಂಕ. ಸೂತ್ರ ಬರೆಯದೆ ಬಿಡಬೇಡಿ. ಆದರೆ ಮೊದಲು ರಫ್ ಹಾಳೆಯಲ್ಲಿ 1000 ಬಾಕ್ಸ್ ಮಾಡಿ 0.345 ಅಂತ ಗೊತ್ತುಮಾಡಿಕೊಳ್ಳಿ. ಆಮೇಲೆ ಸೂತ್ರದಲ್ಲಿ ಬರೆಯಿರಿ. 0.20 ಗುಣಿಸು 0.05 ಮೇಲೆ, ಕೆಳಗೆ 0.010, 0.009, 0.010 ಕೂಡಿಸಿದ 0.029. ಸಾವಿರದಿಂದ ಗುಣಿಸಿದರೆ ಅದೇ 10, ಅದೇ 29. ಸೂತ್ರ ಬೇರೆ ಅಲ್ಲ, ಬಾಕ್ಸ್ ಬೇರೆ ಅಲ್ಲ.

ಹಳೆಯ ಪ್ರಶ್ನೆಪತ್ರಿಕೆ ಬಗ್ಗೆಯೂ ಒಂದು ಮಾತು. ಮಾಡಬೇಕು, ಖಂಡಿತ. ಆದರೆ ಮಾಡುವ ರೀತಿ ಬೇರೆ ಇದೆ. ಹತ್ತು ಲೆಕ್ಕ ಬಿಡಿಸುವ ಬದಲು, ಮೂವತ್ತು ಲೆಕ್ಕ ಓದಿ, ಬಿಡಿಸದೆ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಎರಡೇ ಸಾಲು ಬರೆಯಿರಿ. ಯಾರನ್ನು ಎಣಿಸಿದ್ದಾರೆ ಅಥವಾ ಅಳೆದಿದ್ದಾರೆ? ಯಾರಲ್ಲಿ ಎಷ್ಟು ಅಂತ ಕೇಳುತ್ತಿದ್ದಾರೆ? ಎಷ್ಟು ಜನ ಅನ್ನುವ ಎಣಿಕೆಯೋ, ಎಷ್ಟು ಟನ್ ಅನ್ನುವ ಅಳತೆಯೋ? ಅದೇ ರೈತರೋ, ಬೇರೆ ರೈತರೋ? ಇಷ್ಟು ಬರೆಯಲು ಬಂದರೆ ಸೂತ್ರ ತಾನಾಗಿ ಗೊತ್ತಾಗುತ್ತದೆ. ಇಷ್ಟು ಬರೆಯಲು ಬರದಿದ್ದರೆ ಬಿಡಿಸಿ ಪ್ರಯೋಜನ ಇಲ್ಲ. ನಾನು ಪಾಠ ಹೇಳಿದಷ್ಟು ದಿನವೂ ಇದನ್ನೇ ಹೇಳಿದ್ದೇನೆ, ಈಗಲೂ ಅದೇ ಹೇಳುತ್ತೇನೆ.

ಗುಳೇದಗುಡ್ಡ ಖಣ
ಮಂಗಳವಾರ, ಬೆಳಿಗ್ಗೆ 11.30

"ಎಣಿಕೆಯೋ ಅಳತೆಯೋ" ಅಂದಿರಲ್ಲ ಸರ್, ನಾನು ಅಲ್ಲೇ ಎಡವಿದ್ದೆ. ನನ್ನ ಅನುಭವ ಬರೆಯುತ್ತೇನೆ, ಪ್ರಾಜೆಕ್ಟ್ ಮಾಡುವವರಿಗೆ ಬೇಕಾಗಬಹುದು.

ಹಾಸ್ಟೆಲ್‌ನಲ್ಲಿ ಇರುವವರು ಮತ್ತು ಹಳ್ಳಿಯಿಂದ ದಿನಾ ಬಸ್ಸಿಗೆ ಬರುವವರು, ಇವರ ಪಾಸು ಫೇಲಿನಲ್ಲಿ ವ್ಯತ್ಯಾಸ ಇದೆಯೇ ಅಂತ ಕೈ-ಸ್ಕ್ವೇರ್ (ಎಣಿಕೆಗಳು ನಿರೀಕ್ಷೆಯಿಂದ ಎಷ್ಟು ದೂರ ಇವೆ ಅಂತ ನೋಡುವ ಟೆಸ್ಟ್) ಮಾಡಿದ್ದೆ. ತಿಳಿಯಲು ಸುಲಭ ಆಗಲಿ ಅಂತ ಇಲ್ಲಿ ಸಂಖ್ಯೆ ಸರಳ ಮಾಡಿದ್ದೇನೆ. ಹಾಸ್ಟೆಲ್‌ನವರು 30, ಅದರಲ್ಲಿ ಪಾಸು 21. ಬಸ್ಸಿನವರು 20, ಅದರಲ್ಲಿ ಪಾಸು 9. ನಾನು ಏನು ಮಾಡಿದೆ? ಚೆಂದ ಕಾಣಲಿ ಅಂತ ಶೇಕಡಾ ಮಾಡಿದೆ. 70 ಪಾಸು 30 ಫೇಲು, 45 ಪಾಸು 55 ಫೇಲು. ಆ ಶೇಕಡಾಗಳನ್ನೇ ಕೈ-ಸ್ಕ್ವೇರ್‌ಗೆ ಹಾಕಿದೆ. 12.79 ಬಂತು. ಟೇಬಲ್ ಬೆಲೆ 3.841. ಬಸ್ಸಿನಲ್ಲಿ ಓಡಾಡುವುದರಿಂದ ಮಕ್ಕಳು ಫೇಲಾಗುತ್ತಿದ್ದಾರೆ ಅಂತ ದೊಡ್ಡದಾಗಿ ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ಸುಮ್ನೆ ಒಂದೇ ಪ್ರಶ್ನೆ ಕೇಳಿದರು. "ನೀನು ಎಷ್ಟು ಜನರನ್ನು ಕೇಳಿದೆಯಮ್ಮಾ?" 50 ಅಂದೆ. "ನಿನ್ನ ಕೋಷ್ಟಕದಲ್ಲಿ 200 ಜನ ಇದ್ದಾರಲ್ಲ, ಉಳಿದ 150 ಎಲ್ಲಿಂದ ಬಂದರು?" ನನಗೆ ಮಾತೇ ಹೊರಡಲಿಲ್ಲ.

ಅವರೇ ಪಕ್ಕದಲ್ಲಿ ಕೂರಿಸಿಕೊಂಡು ನಿಜವಾದ ಎಣಿಕೆಯಿಂದ ಮಾಡಿಸಿದರು. ಒಟ್ಟು ಪಾಸು 30, ಫೇಲು 20. ವ್ಯತ್ಯಾಸವೇ ಇಲ್ಲದಿದ್ದರೆ ಹಾಸ್ಟೆಲ್‌ನ 30ರಲ್ಲಿ 18 ಪಾಸು, 12 ಫೇಲು ಇರಬೇಕು. ಬಸ್ಸಿನ 20ರಲ್ಲಿ 12 ಪಾಸು, 8 ಫೇಲು. ನಾಲ್ಕೂ ಮನೆಯಲ್ಲಿ ಅಂತರ 3, ವರ್ಗ 9. 9ನ್ನು 18, 12, 12, 8ರಿಂದ ಭಾಗಿಸಿ ಕೂಡಿಸಿದರೆ 3.125. ಟೇಬಲ್‌ಗಿಂತ ಕಡಿಮೆ. ಅಂದರೆ ಈ 50 ಜನರಿಂದ ಅಷ್ಟು ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ನಮ್ಮದು ಮಗ್ಗದ ಮನೆ. ಖಣ ನೇಯುವಾಗ ಎಳೆ ಎಣಿಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಇಲ್ಲದ ಎಳೆಯನ್ನು ಎಣಿಕೆಗೆ ಸೇರಿಸಿದರೆ ಅಂಚು ಕೂಡುವುದಿಲ್ಲ. ಶೇಕಡಾ ಮಾಡಿದಾಗ ನಾನು ಅದನ್ನೇ ಮಾಡಿದ್ದೆ. ಬಸ್ಸಿನಲ್ಲಿ ಬರುವ ಹುಡುಗಿಯರ ಮೇಲೆ ಇಲ್ಲದ್ದನ್ನು ಬರೆದೆನಲ್ಲ ಅಂತ ಇವತ್ತಿಗೂ ಬೇಸರ ಇದೆ. ನಾನೂ ಬಸ್ಸಿನಲ್ಲಿ ಬಂದು ಓದಿದವಳೇ.

ತಿಕೋಟಾ ದ್ರಾಕ್ಷಿ
ಮಂಗಳವಾರ, ಮಧ್ಯಾಹ್ನ 12.10

ಅಕ್ಕಾ, ಆ ಮೇಡಂ ಕೇಳಿದ ಪ್ರಶ್ನೆಯನ್ನು ಗೋಡೆಗೆ ಬರೆದು ಹಾಕಬೇಕು. ಬೇಸರ ಮಾಡಿಕೊಳ್ಳಬೇಡಿ, ತಪ್ಪನ್ನು ಇಷ್ಟು ಬಿಡಿಸಿ ಹೇಳುವವರು ಕಡಿಮೆ.

ನವನಗರ ಬಾಗಲಕೋಟೆ
ಮಂಗಳವಾರ, ಮಧ್ಯಾಹ್ನ 2.45

ಪರೀಕ್ಷೆ ಹತ್ತಿರ ಇರುವವರಿಗೆ ಎರಡು ಎಚ್ಚರಿಕೆ. ನನ್ನ ಹತ್ತಿರ ಬರುವ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ನಾರ್ಮಲ್ ಟೇಬಲ್, ಅಂದರೆ ಗಂಟೆಯಾಕಾರದ ವಕ್ರರೇಖೆಯ ಕೆಳಗಿನ ವಿಸ್ತೀರ್ಣದ ಕೋಷ್ಟಕ, ಎರಡು ನಮೂನೆ ಇರುತ್ತದೆ. ಕೆಲವು ಪುಸ್ತಕದಲ್ಲಿ ನಡುವಿನ ಸೊನ್ನೆಯಿಂದ ಜಡ್ ತನಕದ ವಿಸ್ತೀರ್ಣ, ಕೆಲವದರಲ್ಲಿ ಎಡ ತುದಿಯಿಂದ ಜಡ್ ತನಕ. ಜಡ್ 1.25 ಇದ್ದರೆ ಮೊದಲನೆಯದರಲ್ಲಿ 0.3944, ಎರಡನೆಯದರಲ್ಲಿ 0.8944. ಬಲಗಡೆಯ ಬಾಲ ಬೇಕಿದ್ದರೆ ಒಂದರಲ್ಲಿ 0.5ರಿಂದ ಕಳೆಯಬೇಕು, ಇನ್ನೊಂದರಲ್ಲಿ 1ರಿಂದ. ಎರಡರಲ್ಲೂ 0.1056 ಬರಬೇಕು. ಮನೆಯಲ್ಲಿ ಒಂದು ಟೇಬಲ್‌ನಿಂದ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ಇನ್ನೊಂದು ಕೈಗೆ ಬಂದರೆ ಗಡಿಬಿಡಿ. ಕೈಗೆ ಬಂದ ಕೂಡಲೇ ಜಡ್ ಸೊನ್ನೆಯ ಮುಂದೆ ಏನಿದೆ ನೋಡಿ. 0.0000 ಇದ್ದರೆ ನಡುವಿನಿಂದ, 0.5000 ಇದ್ದರೆ ಎಡ ತುದಿಯಿಂದ.

ಇನ್ನೊಂದು ಕ್ಯಾಲ್ಕ್ಯುಲೇಟರ್. ಮಾನಕ ವಿಚಲನೆಗೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಗೆ) ಅದರಲ್ಲಿ ಎರಡು ಉತ್ತರ ಇರುತ್ತವೆ. ಒಂದು ಎನ್‌ನಿಂದ ಭಾಗಿಸಿದ್ದು, ಒಂದು ಎನ್ ಮೈನಸ್ 1ರಿಂದ. ತಂಗಿಯ ಸಾಲಿನ ನೀರಿನ 6 ಸಂಖ್ಯೆಗಳನ್ನೇ ಹಾಕಿ ನೋಡಿ. ಒಂದು 3.83, ಇನ್ನೊಂದು 4.20 ತೋರಿಸುತ್ತದೆ. ಟಿ-ಟೆಸ್ಟ್‌ಗೆ ಬೇಕಾದದ್ದು 4.20.

ರಿಗ್ರೆಶನ್, ಅಂದರೆ ಒಂದರಿಂದ ಇನ್ನೊಂದನ್ನು ಊಹಿಸಲು ರೇಖೆ ಎಳೆಯುವುದು, ಅದರ ಬಗ್ಗೆಯೂ ಒಂದು ಹೇಳಿಬಿಡುತ್ತೇನೆ, ನಮ್ಮ ಊರಿನವರಿಗೆ ಬೇಗ ತಿಳಿಯುತ್ತದೆ. ಆಲಮಟ್ಟಿ ತುಂಬಿದರೆ 519.60 ಮೀಟರ್, ನೀರು ಸುಮಾರು 123 ಟಿಎಂಸಿ. ಮಳೆಗಾಲದಲ್ಲಿ ಪೇಪರ್ ತೆಗೆದ ಕೂಡಲೇ ನಾವು ನೋಡುವುದು ಇದನ್ನೇ. ಹಳೆಯ ಊರಿನ ಎಷ್ಟೋ ಭಾಗ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದವರು. ಈಗ ನೀರಿನ ಎತ್ತರ ಮತ್ತು ಟಿಎಂಸಿ ತೆಗೆದುಕೊಂಡು ಸರಳರೇಖೆ ಹಾಕಿದರೆ ಸಹಸಂಬಂಧ 1ರ ಹತ್ತಿರವೇ, ಅಂದರೆ ಎರಡೂ ಒಟ್ಟಿಗೇ ಏರುತ್ತವೆ ಅಂತಲೇ ಬರುತ್ತದೆ. ಹಾಗಂತ ರೇಖೆ ಸರಿ ಅಂತಲ್ಲ. ನದಿಯ ಪಾತ್ರ ಕೆಳಗೆ ಕಿರಿದು, ಮೇಲೆ ಹೋದಂತೆ ಬಯಲು. ತಳದ ಒಂದು ಮೀಟರ್‌ಗಿಂತ ಮೇಲಿನ ಒಂದು ಮೀಟರ್ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಕೆಳಮಟ್ಟದ ಅಂಕಿಗಳಿಂದ ರೇಖೆ ಎಳೆದು ಮೇಲಿನದನ್ನು ಊಹಿಸಿದರೆ ಕಡಿಮೆ ಬರುತ್ತದೆ. ಮೊದಲು ಗ್ರಾಫ್ ಹಾಳೆ ಮೇಲೆ ಚುಕ್ಕಿ ಹಾಕಿ ನೋಡಬೇಕು, ಆಮೇಲೆ ಸೂತ್ರ.

ಜಮಖಂಡಿ ಹುಡುಗಿ
ಮಂಗಳವಾರ, ರಾತ್ರಿ 9.20

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಮೇಷ್ಟ್ರು ಹೇಳಿದಂತೆ ಮೂವತ್ತು ಲೆಕ್ಕ ಓದಿ ಎರಡೆರಡು ಸಾಲು ಬರೆದೆ. 22 ಸರಿಯಾದವು. ತಪ್ಪಾದ 8ರಲ್ಲಿ 5 "ಅಟ್ ಮೋಸ್ಟ್" ಇದ್ದವು.

ಒಂದು ಮಾತ್ರ ಕೇಳುವುದಿದೆ. ಇಲ್ಲಿ ಕೇಳಿದಷ್ಟು ಸಲೀಸಾಗಿ ಕ್ಲಾಸಿನಲ್ಲಿ ಕೇಳಲು ಆಗುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಕೇಳುತ್ತಿದ್ದೇನೇನೋ ಅನಿಸುತ್ತದೆ.

ನಿವೃತ್ತ ಮೇಷ್ಟ್ರು, ವಿಜಯಪುರ
ಬುಧವಾರ, ಬೆಳಿಗ್ಗೆ 6.05

ಸಿ.ಆರ್. ರಾವ್ ಹೆಸರು ಕೇಳಿರುತ್ತೀಯ. ನಿನ್ನ ಪುಸ್ತಕದಲ್ಲಿ ಮುಂದಿನ ಸೆಮಿಸ್ಟರ್‌ಗಳಲ್ಲಿ ಕ್ರಾಮರ್-ರಾವ್ ಅನ್ನುವ ಫಲಿತಾಂಶ ಬರುತ್ತದೆ, ಆ ರಾವ್ ಇವರೇ. 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಕೋಲ್ಕತ್ತದಲ್ಲಿ ಎಳೆಯ ವಯಸ್ಸಿನಲ್ಲೇ ಪಾಠ ಹೇಳುತ್ತಿದ್ದರು. ದೊಡ್ಡ ಸ್ಯಾಂಪಲ್‌ಗೆ ಅನ್ವಯಿಸುವ ಒಂದು ಫಲಿತಾಂಶವನ್ನು ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು, ಸಣ್ಣ ಸ್ಯಾಂಪಲ್‌ಗೂ ಇಂಥದ್ದು ಇದೆಯೇ ಅಂತ ಕೇಳಿದನಂತೆ. ರಾವ್ ಅವರಿಗೆ ಆಗ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ರಾತ್ರಿ ಕೂತು ಬಿಡಿಸಿದರು. ಅದು 1945ರಲ್ಲಿ ಅಚ್ಚಾಯಿತು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಾಗ ಲೆಕ್ಕಕ್ಕೆ ತೆಗೆದುಕೊಂಡ ಕೆಲಸಗಳಲ್ಲಿ ಅದೂ ಒಂದು.

ನೀನು 5 ಯಾಕೆ ಅಂತ ಕೇಳಿದೆಯಲ್ಲ, ಅದನ್ನು ನಾಳೆ ಕ್ಲಾಸಿನಲ್ಲಿ ಕೇಳು. ನಿನ್ನ ಪಕ್ಕದ ಬೆಂಚಿನವರಿಗೂ ಗೊತ್ತಿರುವುದಿಲ್ಲ.

ಜಮಖಂಡಿ ಹುಡುಗಿ
ಗುರುವಾರ, ರಾತ್ರಿ 8.50

ಸರ್, ಕೇಳಿದೆ. ಮೂರು ಜನ ಹುಡುಗಿಯರು ಕ್ಲಾಸ್ ಮುಗಿದ ಮೇಲೆ ನನ್ನ ಹತ್ತಿರ ಬಂದು ಅಂತರಗಳ ಲೆಕ್ಕ ಬರೆದುಕೊಂಡು ಹೋದರು.

ಇವತ್ತು ಮನೆಯಲ್ಲಿ ಇನ್ನೊಂದು ನಡೆಯಿತು. ಅಸೈನ್‌ಮೆಂಟ್ ಬರೆಯುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಕೂತು ಏನು ಅಂತ ಕೇಳಿದರು. ಕಬ್ಬಿನ ಲೆಕ್ಕ ಅಂದೆ. ಓದಿ ಹೇಳು ಅಂದರು. ಟಿ 5.81, ಟೇಬಲ್ 2.571, ಹಾಗಾಗಿ ವ್ಯತ್ಯಾಸ ಇದೆ ಅಂತ ಓದಿದೆ. ಅಪ್ಪ "ಅದು ಸರಿ, ಎಕರೆಗೆ ಎಷ್ಟು ಟನ್ ಜಾಸ್ತಿ?" ಅಂದರು. ನಾನು 3 ಅಂದೆ. "ಎಲ್ಲರಿಗೂ 3 ಬಂದಿಲ್ಲಲ್ಲ, ಒಬ್ಬನಿಗೆ 1 ಬಂದಿದೆ. ನಾನು ಎಷ್ಟು ಅಂತ ಹಿಡಿಯಬೇಕು?" ಅಂದರು.

ಆಗ ಪುಸ್ತಕದ ಮುಂದಿನ ಪುಟದಲ್ಲಿ ಇರುವ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿದೆ. 2.571 ಗುಣಿಸು 0.516, ಅಂದರೆ 1.33. 3ರಿಂದ ಕಳೆದರೆ 1.67, ಕೂಡಿಸಿದರೆ 4.33. ಶೇ. 95ರ ಭರವಸೆಯಲ್ಲಿ ಸರಾಸರಿ ಹೆಚ್ಚಳ ಒಂದೂಮುಕ್ಕಾಲು ಟನ್ನಿಗೆ ತುಸು ಕಡಿಮೆಯಿಂದ ನಾಲ್ಕೂಕಾಲು ಟನ್ನಿಗೆ ತುಸು ಜಾಸ್ತಿ ತನಕ. ಹೀಗೆ ಬರೆದದ್ದು ಸರೀನಾ ಸರ್?

ನಿವೃತ್ತ ಮೇಷ್ಟ್ರು, ವಿಜಯಪುರ
ಗುರುವಾರ, ರಾತ್ರಿ 9.30

ಸರಿ ಇದೆ. ಒಂದು ತಿದ್ದುಪಡಿ, ಅಪ್ಪನಿಗೆ ಹೇಳುವಾಗ ಮರೆಯಬೇಡ. ಇದು ಇಂಥ ಹೊಲಗಳ ಸರಾಸರಿ ಹೆಚ್ಚಳ ಎಲ್ಲಿರಬಹುದು ಅನ್ನುವುದರ ಅಂದಾಜು. ನಿಮ್ಮ ಒಂದು ಹೊಲಕ್ಕೆ ಎಷ್ಟು ಬರುತ್ತದೆ ಅನ್ನುವುದು ಇನ್ನೂ ಅಗಲ. ಅದಕ್ಕೆ 1ಕ್ಕೆ ಆರನೆಯ ಒಂದು ಭಾಗ ಕೂಡಿಸಿ, ಆ ಮೊತ್ತದ ವರ್ಗಮೂಲದಿಂದ 1.265ನ್ನು ಗುಣಿಸಬೇಕು. 1.366 ಬರುತ್ತದೆ. ಅದನ್ನು 2.571ರಿಂದ ಗುಣಿಸಿದರೆ 3.51.

ಜಮಖಂಡಿ ಹುಡುಗಿ
ಗುರುವಾರ, ರಾತ್ರಿ 10.10

ಹಾಕಿದೆ ಸರ್. 3ರಿಂದ 3.51 ಕಳೆದರೆ ಸೊನ್ನೆಗಿಂತ ಅರ್ಧ ಟನ್ ಕೆಳಗೆ ಹೋಗುತ್ತದೆ. ಮೇಲೆ ಆರೂವರೆ. ಅಪ್ಪನಿಗೆ ತೋರಿಸಿದೆ. ಇದು ಪುಸ್ತಕದ ಲೆಕ್ಕ, ಆರೇ ರೈತರದು ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮುಂದಿನ ನಾಟಿಗೆ ಪೂರ್ತಿ ಬೇಡ, ಬಾವಿ ಕಡೆಯ ಅರ್ಧ ಎಕರೆಗೆ ಮಾತ್ರ ಪೈಪ್ ಹಾಕೋಣ, ಉಳಿದ ಅರ್ಧ ಹಾಗೇ ಇರಲಿ, ಎರಡನ್ನೂ ನೀನೇ ತೂಕ ಮಾಡಿಸಿ ಬರೆದಿಡು ಅಂದರು.